‘ಸುಮ್ನೆ ಒಂದು ಬ್ರಾಕೆಟ್’ ಬೆಸೆಯುವ ಮುನ್ನ

“ಸಾರ್, ಅದು ಲೋಡ್ ತಗೊಳ್ಳಲ್ಲ. ಸುಮ್ನೆ ಒಂದು ಬ್ರಾಕೆಟ್.” ಫ್ಯಾಬ್ರಿಕೇಷನ್ ಶಾಪ್‌ಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತಿದು. ಕೇಬಲ್ ಹಿಡಿಯಲೋ ಪೈಪ್ ನಿಲ್ಲಿಸಲೋ ಮುಖ್ಯ ತೊಲೆಗೆ ಒಂದು ತುಂಡು ಪ್ಲೇಟ್ ಬೆಸೆದಿರುತ್ತಾರೆ.

1980ರ ಮಾರ್ಚ್ 27ರಂದು ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಎಂಬ ನಾರ್ವೆಯ ತೇಲುವ ವೇದಿಕೆ ಮಗುಚಿತು. ತೈಲ ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಜಾಗ ಅದು. 212 ಜನರಲ್ಲಿ 123 ಮಂದಿ ಸತ್ತರು. ಅದರ ಐದು ಕಾಲುಗಳಲ್ಲಿ ಒಂದನ್ನು ಹಿಡಿದಿದ್ದ ದಪ್ಪ ಕೊಳವೆಯೊಂದು ಮೊದಲು ಮುರಿದಿತ್ತು. ಆಮೇಲೆ ಉಳಿದ ಕೊಳವೆಗಳೂ ತಡೆಯದೆ ಇಡೀ ಕಾಲೇ ಕಳಚಿತು. ತನಿಖೆ ಮಾಡಿದಾಗ ಬಿರುಕಿನ ಮೂಲ ಸಿಕ್ಕಿದ್ದು ಒಂದು ಫಿಲ್ಲೆಟ್ ವೆಲ್ಡಿಂಗ್‌ನಲ್ಲಿ, ಅಂದರೆ ಎರಡು ತುಂಡುಗಳು ಕೂಡುವ ಮೂಲೆಯಲ್ಲಿ ಹಾಕಿದ ಬೆಸುಗೆಯಲ್ಲಿ. ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಕೂರಿಸುವ ಇಂಥದ್ದೇ ಒಂದು ಆಧಾರಕ್ಕೆ ಹಾಕಿದ ಬೆಸುಗೆ ಅದು, ಗಾತ್ರ ಬರೀ 6 ಮಿ.ಮೀ. ಬಿರುಕಿನೊಳಗೆ ಬಣ್ಣವೂ ಇತ್ತು! ಅಂದರೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಹೊತ್ತಿಗೇ ಅದು ಬಾಯಿ ಬಿಟ್ಟಿತ್ತು.

ಬ್ರಾಕೆಟ್ ಭಾರ ಹೊರುವುದಿಲ್ಲ, ನಿಜ. ಅದನ್ನು ಬೆಸೆದ ತೊಲೆ ಹೊರುತ್ತದೆ, ಅಲ್ವಾ? ಆ ತೊಲೆಯ ಸ್ಟ್ರೆಸ್ (ಭಾರದಿಂದ ಉಕ್ಕಿನೊಳಗೆ ಹುಟ್ಟುವ ಒತ್ತಡ) ವೆಲ್ಡಿಂಗ್ ಅಂಚಿನಲ್ಲಿ ಒಮ್ಮೆಗೇ ಏರುತ್ತದೆ. ಸ್ಲ್ಯಾಗ್ (ಬೆಸುಗೆಯಲ್ಲಿ ಸಿಕ್ಕಿಕೊಂಡ ಕಿಟ್ಟ), ಅಂಡರ್‌ಕಟ್‌ (ಬೆಸುಗೆಯ ಅಂಚಿನಲ್ಲಿ ಕೊರೆದ ಸಣ್ಣ ಗೀರು) ಇಂಥ ಕಣ್ಣಿಗೆ ಕಾಣದಷ್ಟು ಸಣ್ಣ ದೋಷಗಳು ಇರುವುದೂ ಅಲ್ಲೇ. ವೆಲ್ಡಿಂಗ್ ತಣ್ಣಗಾಗಿ ಕುಗ್ಗುವುದರಿಂದ ಆ ಜಾಗ ಮೊದಲೇ ಎಳೆತದಲ್ಲಿರುತ್ತದೆ. ನಯವಾದ ಉಕ್ಕಿನಲ್ಲಿ ಬಿರುಕು ಹುಟ್ಟುವುದಕ್ಕೇ ಬಹಳ ಕಾಲ ಬೇಕು. ಇಲ್ಲಿ ಅದು ಹೆಚ್ಚುಕಡಿಮೆ ಹುಟ್ಟಿಯೇ ಇರುತ್ತದೆ, ಬೆಳೆಯುವುದಷ್ಟೇ ಬಾಕಿ.

“ಇನ್ನೂ ಗಟ್ಟಿ ಉಕ್ಕು ಹಾಕೋಣ” ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಬಿರುಕು ಬೆಳೆಯುವ ವೇಗ ಕಟ್ಟಡ, ಸೇತುವೆಗಳಿಗೆ ಬಳಸುವ ಎಲ್ಲ ಉಕ್ಕಿನಲ್ಲೂ ಸುಮಾರಾಗಿ ಒಂದೇ. ಲೆಕ್ಕಕ್ಕೆ ಬರುವುದು ಸ್ಟ್ರೆಸ್‌ನ ಏರಿಳಿತ, ಅಂದರೆ ಭಾರ ಮತ್ತೆ ಮತ್ತೆ ಬಂದು ಹೋಗುವಾಗ ಅದು ಎಷ್ಟು ಏರಿ ಇಳಿಯುತ್ತದೆ ಎನ್ನುವುದು. ಅದು ಎರಡು ಪಟ್ಟಾದರೆ ಆಯಸ್ಸು ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಟ್ಟಿ ಉಕ್ಕೆಂದು ಪ್ಲೇಟ್ ತೆಳ್ಳಗೆ ಮಾಡಿದರೆ ಏರಿಳಿತ ಇನ್ನೂ ಜಾಸ್ತಿಯಾಗುತ್ತದೆ.

ಸಾಧ್ಯವಿದ್ದರೆ ವೆಲ್ಡಿಂಗ್ ಬಿಟ್ಟು ಕ್ಲ್ಯಾಂಪ್ ಹಾಕಿ. ಇಲ್ಲವೇ ಬ್ರಾಕೆಟ್ಟನ್ನು ತೊಲೆಯ ಫ್ಲೇಂಜ್‌ನಿಂದ (ಮೇಲೆ, ಕೆಳಗೆ ಇರುವ ಅಡ್ಡ ಪಟ್ಟಿ) ವೆಬ್‌ನ (ಅವನ್ನು ಜೋಡಿಸುವ ನಿಂತ ಪ್ಲೇಟ್) ನಡುಮಟ್ಟಕ್ಕೆ ಸರಿಸಿ, ಅಲ್ಲಿ ಬಾಗುವಿಕೆಯ ಸ್ಟ್ರೆಸ್ ಕಡಿಮೆ. ಫ್ಲೇಂಜ್‌ಗೇ ಬೆಸೆಯಲೇಬೇಕಾದರೆ ವೆಲ್ಡಿಂಗ್ ಅಂಚನ್ನು ಬರ್ ಗ್ರೈಂಡರ್‌ನಿಂದ (ಸಣ್ಣ ತಿರುಗುವ ಮೊನೆಯ ಉಜ್ಜುವ ಯಂತ್ರ) ಉಜ್ಜಿ, ಅಂಡರ್‌ಕಟ್‌ನ ತಳಕ್ಕಿಂತ ಅರ್ಧ ಮಿ.ಮೀ. ಕೆಳಗಿನವರೆಗೂ. ಉಜ್ಜಿದ ಮೇಲೆ, ಬಣ್ಣ ಬಳಿಯುವ ಮೊದಲು, ಡೈ ಪೆನೆಟ್ರಂಟ್ ಟೆಸ್ಟ್ (ಬಣ್ಣದ ದ್ರವ ಹಚ್ಚಿ ಮೇಲ್ಮೈಯ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ. ವೆಲ್ಡಿಂಗ್‌ನ ಬುಡದಲ್ಲಿ ಅಡಗಿದ ಬಿರುಕು ಇದರಿಂದ ಸಿಗದು. ಅದಕ್ಕೆ ಫಿಲ್ಲೆಟ್‌ನ ಅಳತೆ, ಪ್ಲೇಟಿನ ಫಿಟಪ್ (ತುಂಡುಗಳು ಸಂದಿಲ್ಲದೆ ಕೂಡಿವೆಯೇ ಎನ್ನುವುದು) ಎರಡನ್ನೂ ಬೆಸೆಯುವ ಮೊದಲೇ ನೋಡಬೇಕು.