ಮಂಚದಡಿ ಸೇರಿದ ಬೆಕ್ಕನ್ನು ಎಳೆಯಬೇಡಿ

'ಡಾಕ್ಟ್ರೇ, ಬೆಕ್ಕು ತಂದು ವಾರ ಆಯ್ತು. ಮಂಚದ ಕೆಳಗಿಂದ ಹೊರಗೇ ಬರ್ತಿಲ್ಲ.' ರಕ್ಷಣೆ ಮಾಡಿದ ಬೆಕ್ಕನ್ನು ದತ್ತು ತಂದವರು ನನ್ನ ಹತ್ತಿರ ಜಾಸ್ತಿ ಹೇಳುವುದು ಇದನ್ನೇ. ಊಟ ಮಾಡುತ್ತಿದೆಯಾ, ಮೂತ್ರ ಸರಿಯಾಗಿ ಆಗುತ್ತಿದೆಯಾ ಎಂದು ಕೇಳುತ್ತೇನೆ. ಎರಡಕ್ಕೂ ಹೌದು ಅಂದರೆ, ಅಲ್ಲೇ ಇರಲಿ ಬಿಡಿ ಅನ್ನುತ್ತೇನೆ.

ಅವಿತುಕೊಳ್ಳುವುದು ಮೊಂಡುತನ ಅಲ್ಲ. ಬೆಕ್ಕು ತನ್ನ ಹೆದರಿಕೆಯನ್ನು ತಾನೇ ಇಳಿಸಿಕೊಳ್ಳುವ ದಾರಿ ಅದು. ನೆದರ್‌ಲ್ಯಾಂಡ್ಸ್‌ನ ಆಶ್ರಯ ಕೇಂದ್ರವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಅಡಗಲು ಪೆಟ್ಟಿಗೆ ಕೊಟ್ಟು ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಬೇಗ ಹೊಂದಿಕೊಂಡವು. ಹಾಗಾಗಿ ಮೊದಲಿಗೆ ಇಡೀ ಮನೆ ಬೇಡ, ಒಂದು ಕೋಣೆ ಸಾಕು. ಒಂದು ರಟ್ಟಿನ ಡಬ್ಬ ಅಡ್ಡಕ್ಕೆ ಮಲಗಿಸಿಡಿ. ಊಟ, ನೀರು ಒಂದು ಕಡೆ, ಮಲಮೂತ್ರಕ್ಕೆ ಇಡುವ ಮರಳಿನ ತಟ್ಟೆ, ಅಂದರೆ ಲಿಟರ್ ಟ್ರೇ, ದೂರದ ಮೂಲೆಯಲ್ಲಿ.

ಆಮೇಲೆ ನೀವು ಹೋಗಿ ಸುಮ್ನೆ ನೆಲದ ಮೇಲೆ ಕೂತುಕೊಳ್ಳಿ. ಏನಾದರೂ ಓದಿ. ದಿಟ್ಟಿಸಿ ನೋಡಬೇಡಿ, ಬೆಕ್ಕಿಗೆ ಅದು ಬೆದರಿಕೆ. ಕಣ್ಣಿಗೆ ಕಣ್ಣು ಸಿಕ್ಕಿದರೆ ರೆಪ್ಪೆಯನ್ನು ಅರ್ಧ ಇಳಿಸಿ, ನಿಧಾನವಾಗಿ ಮುಚ್ಚಿ ತೆರೆಯಿರಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಎಲ್ಲರಿಗೂ ಗೊತ್ತು, ಇಲ್ಲಿ ಕಣ್ಣು ಮುಚ್ಚಬೇಕಾದವರು ನೀವು! ಇದು ಬರೀ ನಂಬಿಕೆ ಅಲ್ಲ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಮಾಡಿದ ಅಪರಿಚಿತರ ಕೈಯ ಹತ್ತಿರವೂ ಬೆಕ್ಕುಗಳು ಹೆಚ್ಚಾಗಿ ಬಂದವು.

ಮುಟ್ಟುವ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಬೆಕ್ಕು ಹತ್ತಿರ ಬಂದ ಖುಷಿಗೆ ತಲೆಯ ಮೇಲಿಂದ ಕೈ ಹಾಕುತ್ತಾರೆ. ಅದರ ಬದಲು ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ, ಸ್ವಲ್ಪ ದೂರದಲ್ಲೇ ಹಿಡಿಯಿರಿ. ಮೂಸಿ ನೋಡಿ ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಿತು. ಮೂಸಿ ಮುಖ ತಿರುಗಿಸಿದರೆ ಇವತ್ತಿಗೆ ಅಷ್ಟೇ. ಒಪ್ಪಿದಾಗಲೂ ಕೆನ್ನೆ, ಗದ್ದ, ಕಿವಿಯ ಬುಡ ಮಾತ್ರ ಸವರಿ. ಎರಡು ಮೂರು ಸೆಕೆಂಡಿಗೆ ಕೈ ನಿಲ್ಲಿಸಿ. ಇನ್ನೂ ಬೇಕಾದರೆ ತಾನೇ ಮತ್ತೆ ತಲೆ ಒತ್ತುತ್ತದೆ. ಬಾಲದ ತುದಿ ಪಟಪಟ ಬಡಿಯಿತಾ, ಕಿವಿ ಪಕ್ಕಕ್ಕೆ ತಿರುಗಿತಾ, ಬೆನ್ನಿನ ಚರ್ಮ ಅಲುಗಿತಾ? ಸಾಕು ಅಂತ ಅರ್ಥ. ಹೊಟ್ಟೆ ತೋರಿಸಿ ಮಲಗಿದ್ದಕ್ಕೆ ಹೊಟ್ಟೆ ಸವರಬೇಡಿ, ಪರಚಿಸಿಕೊಂಡು ಬರುವವರಲ್ಲಿ ಇಂಥವರೇ ಜಾಸ್ತಿ.

ಎಷ್ಟು ದಿನ ಬೇಕು? ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೂಢಿಗೆ ಒಗ್ಗಲು ಮೂರು ವಾರ, ಪೂರ್ತಿ ನಂಬಲು ಮೂರು ತಿಂಗಳು ಎಂಬ ಲೆಕ್ಕ ಎಲ್ಲ ಕಡೆ ಓಡಾಡುತ್ತಿದೆ. ನಾನು ಅದನ್ನು ಅಂದಾಜು ಅಂತಷ್ಟೇ ಹೇಳುತ್ತೇನೆ. ಮರಿಗಳು ಮನುಷ್ಯರಿಗೆ ಸುಲಭವಾಗಿ ಒಗ್ಗುವ ಕಾಲ ಹುಟ್ಟಿದ ಸುಮಾರು 2ನೇ ವಾರದಿಂದ 7ನೇ ವಾರದವರೆಗೆ. ಆಗ ಮನುಷ್ಯರ ಕೈಯನ್ನೇ ಕಾಣದ ಬೆಕ್ಕಿಗೆ ವರ್ಷವೇ ಹಿಡಿಯಬಹುದು. ತೊಡೆ ಹತ್ತದೆ, ಪಕ್ಕದಲ್ಲಿ ಕೂರುವಷ್ಟಕ್ಕೇ ನಿಲ್ಲಲೂಬಹುದು. ಅದೂ ನಂಬಿಕೆಯೇ, ಅಲ್ವಾ?

ತಾಳ್ಮೆ ಬೇಡವಾದ ಜಾಗವೂ ಇದೆ. ಬೆಕ್ಕು ಒಂದಿಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರುತ್ತದೆ. ಗಂಡು ಬೆಕ್ಕು ಟ್ರೇಯಲ್ಲಿ ತಿಣುಕುತ್ತಿದ್ದು ಮೂತ್ರ ಬರದಿದ್ದರೆ ಬೆಳಗಾಗುವವರೆಗೂ ಕಾಯಬೇಡಿ.

ಬೆಕ್ಕನ್ನು ಹೊತ್ತೊಯ್ಯುವ ಪೆಟ್ಟಿಗೆಯನ್ನು (ಕ್ಯಾರಿಯರ್) ಅಟ್ಟಕ್ಕೆ ಹಾಕಬೇಡಿ. ಬಾಗಿಲು ತೆಗೆದು, ಒಳಗೆ ಹಳೆ ಬಟ್ಟೆ ಹಾಸಿ ಅದೇ ಕೋಣೆಯಲ್ಲಿ ಇಡಿ. ನಮ್ಮ ಹತ್ತಿರ ಬರುವ ದಿನ ಅಟ್ಟಾಡಿಸಿ ಹಿಡಿಯುವುದು ತಪ್ಪುತ್ತದೆ.