ಟೋಫು ಕಂಡ ಕೂಡಲೇ ವೆಜ್ ಅಂದ್ಕೋಬೇಡಿ

ಪ್ರಶ್ನೆ: ಮುಂದಿನ ತಿಂಗಳು ಸಿಂಗಾಪುರದಿಂದ ಮೂರು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಡಗಿನ ಏಷ್ಯನ್ ರೆಸ್ಟೋರೆಂಟ್‌ನಲ್ಲಿ ಒಂದು ರಾತ್ರಿ ಊಟ ಮಾಡಲೇಬೇಕು ಅಂತ ಮಕ್ಕಳ ಹಟ. ಅಲ್ಲಿ ಟೋಫು, ನೂಡಲ್ಸ್, ತರಕಾರಿ ಎಲ್ಲ ಇರುತ್ತೆ, ವೆಜ್‌ನವರಿಗೆ ಏನೂ ತೊಂದರೆ ಇಲ್ಲ ಅಲ್ವಾ?

ಉತ್ತರ: ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಊರು ಬೇರೆ, ಹಡಗು ಬೇರೆ, ಕೊನೆಯ ಆ "ಅಲ್ವಾ" ಮಾತ್ರ ಬದಲಾಗುವುದಿಲ್ಲ. ಮಂಗಳೂರು ಕಡೆಯ ಎಷ್ಟೋ ಹುಡುಗರ ಹಾಗೆ ನಾನೂ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಒಂಬತ್ತು ವರ್ಷ ದುಡಿದವನು. ಅದರಲ್ಲಿ ನಾಲ್ಕು ವರ್ಷ ಏಷ್ಯನ್ ರೆಸ್ಟೋರೆಂಟ್‌ನ ಬಾಣಲೆ ಮುಂದೆ ನಿಂತಿದ್ದೆ. ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ ಮುಗಿಸೋಣ. ಟಿಕೆಟ್‌ನಲ್ಲಿ ಬಫೆ ಮತ್ತು ದೊಡ್ಡ ಊಟದ ಹಾಲ್ ಸೇರಿರುತ್ತದೆ. ಏಷ್ಯನ್ ರೆಸ್ಟೋರೆಂಟ್‌ಗೆ ಹೆಚ್ಚಿನ ಕಡೆ ಬೇರೆ ದುಡ್ಡು. ಕಾರ್ನಿವಲ್ ಕಂಪನಿಯ ಜಿಜಿ ರೆಸ್ಟೋರೆಂಟ್‌ನಲ್ಲಿ ತಲೆಗಿಷ್ಟು, ರಾಯಲ್ ಕೆರಿಬಿಯನ್‌ನ ಇಜುಮಿ ಸುಶಿಯಲ್ಲಿ ತಟ್ಟೆಗಿಷ್ಟು, ಹೀಗೆ. ಅಮೆರಿಕದ ಕಂಪನಿಗಳು ಅದರ ಮೇಲೆ ಶೇಕಡಾ 18ರಿಂದ 20ರಷ್ಟು ಸರ್ವಿಸ್ ಚಾರ್ಜ್ ಸೇರಿಸುತ್ತವೆ. ಹಡಗು ಹತ್ತಿದ ದಿನವೇ ಟೇಬಲ್ ಬುಕ್ ಮಾಡಿ. ಮಕ್ಕಳಿದ್ದರೆ ಸಂಜೆಯ ಮೊದಲ ಪಾಳಿಯೇ ಸರಿ. ಇಷ್ಟು ಸಾಕು.

ಈಗ ಟೋಫು, ಅಂದರೆ ಸೋಯಾ ಹಾಲಿನ ಪನೀರ್. ಇದೊಂದು ನಂಬಿಕೆ ನಮ್ಮವರ ತಲೆಯಿಂದ ಇಳಿಯುವುದೇ ಇಲ್ಲ. ಚೀನಾ, ಜಪಾನ್, ಥಾಯ್ಲೆಂಡ್ ಅಂದರೆ ಬುದ್ಧನ ನಾಡು, ಬುದ್ಧ ಅಂದರೆ ಅಹಿಂಸೆ, ಅಹಿಂಸೆ ಅಂದರೆ ಟೋಫು! ಲೆಕ್ಕ ಚೆನ್ನಾಗಿಯೇ ಇದೆ. ಅಡುಗೆಮನೆಯಲ್ಲಿ ಮಾತ್ರ ನಡೆಯುವುದಿಲ್ಲ. ಅಲ್ಲಿ ಟೋಫು ಅಂದರೆ ಮಾಂಸ ಬಿಟ್ಟವರ ಊಟ ಅಲ್ಲ, ನಮ್ಮ ಆಲೂಗಡ್ಡೆ ಹಾಗೆ ಅದೂ ಒಂದು ಪದಾರ್ಥ. ಸಿಚುವಾನ್ ಕಡೆಯ ಮಾಪೊ ಟೋಫು ತುಂಬ ಹೆಸರುವಾಸಿ. ಅದರಲ್ಲಿ ಟೋಫು ಜೊತೆ ದನದ್ದೋ ಹಂದಿಯದ್ದೋ ಖೀಮಾ ಇರುತ್ತದೆ. ಜಪಾನಿನ ಅಗೆದಾಶಿ ಟೋಫು ನೋಡಲು ಪಾಪದ ಹಾಗೆ ಕಾಣುತ್ತದೆ. ಅದು ಕೂತಿರುವ ತಿಳಿಸಾರಿಗೆ ದಾಶಿ ಅಂತಾರೆ. ಅದನ್ನು ಸಾಮಾನ್ಯವಾಗಿ ಮಾಡುವುದು ಕೊಂಬು ಅನ್ನುವ ಕಡಲಪಾಚಿ ಮತ್ತು ಹೊಗೆಯಲ್ಲಿ ಒಣಗಿಸಿದ ಮೀನಿನ ಚೂರುಗಳಿಂದ. ಮಿಸೊ ಸೂಪ್ ಕಥೆಯೂ ಇದೇ. ಮಿಸೊ ಸೋಯಾದ್ದು, ಸೂಪ್ ಮೀನಿನದ್ದು.

ಸಾಸ್ ಬಗ್ಗೆ ಕೇಳಿದರೆ ಇನ್ನೂ ಕಷ್ಟ. ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಫಿಶ್ ಸಾಸ್. ಬೊಳೆಂಜಿರ್‌ನಂಥ ಸಣ್ಣ ಮೀನನ್ನು ಉಪ್ಪಲ್ಲಿ ಹಾಕಿ, ವರ್ಷದಷ್ಟು ಕಾಲ ಹುಳಿ ಬರಿಸಿ ಇಳಿಸಿದ ನೀರು ಅದು. ರೆಡ್ ಕರಿ, ಗ್ರೀನ್ ಕರಿಯ ಮಸಾಲೆ ಅರೆಯುವಾಗಲೇ ಸಿಗಡಿ ಪೇಸ್ಟ್ ಸೇರಿರುತ್ತದೆ. ಮೇಲೆ ಬರೀ ಬದನೆಕಾಯಿ ತೇಲುತ್ತಿದ್ದರೂ ಕರಿ ವೆಜ್ ಆಗುವುದಿಲ್ಲ. ಚೀನೀ ಪದ್ಧತಿಯಲ್ಲಿ ಬಾಡಿಸಿದ ಸೊಪ್ಪು ಹಸಿರಾಗಿ ಮಿಂಚುತ್ತಿರುತ್ತದಲ್ಲ, ಆ ಮಿಂಚು ಎಷ್ಟೋ ಸಲ ಆಯ್ಸ್ಟರ್ ಸಾಸ್‌ನದ್ದು, ಅಂದರೆ ನಮ್ಮ ಕಡೆ ಮರುವಾಯಿ ಅನ್ನುತ್ತೇವಲ್ಲ, ಅಂಥದೇ ಚಿಪ್ಪಿನ ಪ್ರಾಣಿಯ ರಸ. ಕೊರಿಯಾದ ಕಿಮ್ಚಿ ಎಲೆಕೋಸಿನ ಉಪ್ಪಿನಕಾಯಿ ಅಂದುಕೊಂಡಿರುತ್ತೀರಿ. ಅದರಲ್ಲೂ ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ಸಾಸ್ ಇದ್ದೇ ಇರುತ್ತದೆ.

ತಮಾಷೆ ಏನು ಗೊತ್ತಾ? ಇದ್ಯಾವುದನ್ನೂ ಕೇಳದ ನಮ್ಮವರು "ಅಜಿನೊಮೊಟೊ ಹಾಕಿದ್ದೀರಾ" ಅಂತ ಮಾತ್ರ ತಪ್ಪದೆ ಕೇಳುತ್ತಾರೆ. 1908ರಲ್ಲಿ ಇಕೆದಾ ಅನ್ನುವ ಜಪಾನೀ ವಿಜ್ಞಾನಿ ಅದನ್ನು ಕಂಡುಹಿಡಿದದ್ದು ಕೊಂಬು ಪಾಚಿಯ ಸಾರಿನಲ್ಲಿ. ಈಗ ಕಬ್ಬು, ಮೆಕ್ಕೆಜೋಳದಂಥವನ್ನು ಹುಳಿ ಬರಿಸಿ ಮಾಡುತ್ತಾರೆ. ಇಡೀ ಗ್ಯಾಲಿಯಲ್ಲಿ ನಿಮ್ಮತ್ತೆ ಧೈರ್ಯವಾಗಿ ತಿನ್ನಬಹುದಾದದ್ದು ಅದೊಂದೇ ಏನೋ!

ಒಂದು ಸಂಗತಿ ಹೇಳಿಬಿಡುತ್ತೇನೆ. ಒಮ್ಮೆ ಹಾಸನದ ಕಡೆಯ ಕುಟುಂಬ ಬಂದಿತ್ತು, ಜೊತೆಗೆ ಒಬ್ಬರು ಅಜ್ಜಿ. ಅಜ್ಜಿಗೆ ಪ್ಯಾಡ್ ಥಾಯ್, ಅಂದರೆ ಥಾಯ್ ಶೈಲಿಯ ಅಕ್ಕಿ ನೂಡಲ್ಸ್ ಹೇಳಿದ್ದರು. ಮಗ ಪಾಪ ಬಿಡಿಸಿಯೇ ಹೇಳಿದ್ದ: ಮೊಟ್ಟೆ ಬೇಡ, ಸಿಗಡಿ ಬೇಡ, ಕೋಳಿ ಬೇಡ. ಚೀಟಿಯಲ್ಲಿ ಮೂರೂ ಬರೆದಿತ್ತು, ನಾನು ಮೂರೂ ಬಿಟ್ಟೆ. ಸಾಸ್ ಬೆಳಗ್ಗೆಯೇ ಐದು ಲೀಟರ್ ಡಬ್ಬದಲ್ಲಿ ಕಲಸಿಟ್ಟಾಗಿತ್ತು. ಹುಣಸೆಹಣ್ಣು, ತಾಳೆಬೆಲ್ಲ, ಫಿಶ್ ಸಾಸ್. ಸೌಟು ಅದ್ದಿ ಹಾಕಿದೆ. ಊಟ ಆದ ಮೇಲೆ ಕನ್ನಡದವನು ಅಂತ ನನ್ನನ್ನು ಹೊರಗೆ ಕರೆದರು. ಅಜ್ಜಿ ನನ್ನ ಕೈ ಹಿಡಿದು, "ಹುಣಸೆಹುಳಿ ಹದವಾಗಿ ಹಾಕಿದ್ದೀಯಪ್ಪ, ಗೊಜ್ಜವಲಕ್ಕಿ ತಿಂದ ಹಾಗಾಯ್ತು" ಅಂದರು. ಆಗ ಡಬ್ಬ ನೆನಪಾಯಿತು. ನಾನು ಏನೂ ಹೇಳಲಿಲ್ಲ. ಇವತ್ತಿಗೂ ಗೊಜ್ಜವಲಕ್ಕಿ ಎದುರು ಬಂದರೆ ಆ ಕೈ ನೆನಪಾಗುತ್ತದೆ.

ತಪ್ಪು ನನ್ನದೇ, ಆದರೆ ಅವರು ಹೇಳಿದ ರೀತಿ ನೋಡಿ. ಕಣ್ಣಿಗೆ ಕಾಣುವುದನ್ನೆಲ್ಲ ಬೇಡ ಅಂದಿದ್ದರು. ಕಾಣದ್ದನ್ನು ಹೇಳಿರಲಿಲ್ಲ. "ವಿ ಆರ್ ವೆಜಿಟೇರಿಯನ್" ಅಂದರೆ ಎಷ್ಟೋ ಅಡುಗೆಯವರಿಗೆ ಅರ್ಥವಾಗುವುದು "ತುಂಡು ಬೇಡ" ಅಂತ ಅಷ್ಟೇ. ನೀವು ಹೀಗೆ ಹೇಳಿ: ಫಿಶ್ ಸಾಸ್ ಬೇಡ, ಆಯ್ಸ್ಟರ್ ಸಾಸ್ ಬೇಡ, ಸಿಗಡಿ ಪೇಸ್ಟ್ ಬೇಡ, ಮಾಂಸದ ಸ್ಟಾಕ್ (ಮಾಂಸ, ಮೂಳೆ ಬೇಯಿಸಿದ ನೀರು) ಬೇಡ, ದಾಶಿ ಬೇಡ, ಮೊಟ್ಟೆ ಬೇಡ. ಮೊಟ್ಟೆ ಅಂದಾಗ ನೂಡಲ್ಸ್ ಹಿಟ್ಟಿನ ಬಗ್ಗೆಯೂ ಕೇಳಿ, ಹಳದಿ ನೂಡಲ್ಸ್‌ನಲ್ಲಿ ಅದು ಇರಬಹುದು. ಅಕ್ಕಿ ನೂಡಲ್ಸ್ ವಾಸಿ. ಇದನ್ನು ಊಟದ ಟೇಬಲ್‌ನಲ್ಲಿ ಅಲ್ಲ, ಹಿಂದಿನ ದಿನವೇ ಹೆಡ್ ವೇಟರ್‌ಗೆ ಹೇಳಬೇಕು. ಆಗ ನಮಗೆ ಬೇರೆ ಸಾಸ್ ಕಲಸಲು ಹೊತ್ತು ಸಿಗುತ್ತದೆ. ಆಯ್ಸ್ಟರ್ ಸಾಸ್ ಬದಲು ಅಣಬೆಯ ಸಾಸ್ ಬರುತ್ತದೆ, ರುಚಿಯಲ್ಲಿ ಮೋಸವಿಲ್ಲ. ಚೀನೀ ಬೌದ್ಧ ವಿಹಾರಗಳ ಅಡುಗೆಯಲ್ಲಂತೂ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹಾಗಾಗಿ ಅಡುಗೆಯವನು ಚೀನಾದವನಾಗಿದ್ದರೆ "ಬುದ್ಧಿಸ್ಟ್ ವೆಜಿಟೇರಿಯನ್" ಅನ್ನಿ, ಬೇಗ ಅರ್ಥವಾಗುತ್ತದೆ.

ತೆಪ್ಪಾನ್ಯಾಕಿ ಟೇಬಲ್‌ಗೆ ಅತ್ತೆಯನ್ನು ಕರೆದುಕೊಂಡು ಹೋಗಬೇಡಿ. ದೋಸೆ ಕಾವಲಿಯಂಥ ದೊಡ್ಡ ಕಬ್ಬಿಣದ ಹಲಗೆ ಒಂದೇ, ಅದರ ಮೇಲೆಯೇ ಎಲ್ಲರದ್ದೂ ಬೇಯುತ್ತದೆ. ಅಡುಗೆಯವನು ಸಟ್ಟುಗ ಹಾರಿಸುವುದನ್ನು ಮಕ್ಕಳು ನೋಡಿ ಬರಲಿ.

ಮಕ್ಕಳು ಅಂದಾಗ ನೆನಪಾಯಿತು. ಏಷ್ಯನ್ ಅಂದ ಕೂಡಲೇ ಅವರ ತಲೆಯಲ್ಲಿರುವುದು ಗೋಬಿ ಮಂಚೂರಿ ತಾನೆ? ಮೆನುವಿನಲ್ಲಿ ಅದನ್ನು ಹುಡುಕಬೇಡಿ. ಮಂಚೂರಿಗೂ ಚೀನಾದ ಮಂಚೂರಿಯಾ ಪ್ರಾಂತ್ಯಕ್ಕೂ ಹೆಸರಿನಷ್ಟೇ ಸಂಬಂಧ. ಚಿಕನ್ ಮಂಚೂರಿಯನ್ ಹುಟ್ಟಿದ್ದು 1970ರ ದಶಕದ ಮುಂಬೈಯಲ್ಲಿ, ಗೋಬಿ ಅದರ ತಮ್ಮ. ಸಿಂಗಾಪುರದ ಹಡಗಿನ ಬಫೆಯಲ್ಲಿ ಇಂಡಿಯನ್ ಕೌಂಟರ್ ಇದ್ದರೆ ಅಲ್ಲಿ ಕಂಡರೂ ಕಾಣಬಹುದು.

ಇನ್ನು ನಮ್ಮ ಬೀದಿ ಬದಿಯ ನೂಡಲ್ಸ್‌ಗೆ ಇರುವ ಆ ಹೊಗೆ ವಾಸನೆಯೂ ಹಡಗಿನಲ್ಲಿ ಸಿಗುವುದು ಕಷ್ಟ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹಡಗಿನವರಿಗೆ ನೀರಿಗಿಂತ ಬೆಂಕಿಯ ಭಯ ಜಾಸ್ತಿ. ಗ್ಯಾಲಿಯಲ್ಲಿ ಗ್ಯಾಸ್ ಒಲೆ ಇಲ್ಲ, ಎಲ್ಲ ಕರೆಂಟ್. ಬಾಣಲೆಯ ಅಂಚು ದಾಟಿ ಒಳಗೆ ನುಗ್ಗುವ ಜ್ವಾಲೆಯೇ ಇಲ್ಲದ ಮೇಲೆ ಆ ಘಮ ಎಲ್ಲಿಂದ ಬರಬೇಕು? ಮೊದಲ ಆರು ತಿಂಗಳು ನನ್ನ ಕೈಗೂ ಅದು ಒಗ್ಗಲಿಲ್ಲ, ಬಾಣಲೆ ಎತ್ತಿ ಕುಲುಕಿದರೆ ಕಾವೇ ತಪ್ಪಿಹೋಗುತ್ತಿತ್ತು. ನೂಡಲ್ಸ್ ಸ್ವಲ್ಪ ಸಪ್ಪೆ ಅನ್ನಿಸಿದರೆ ಅಡುಗೆಯವನನ್ನು ಬೈಯಬೇಡಿ, ಪಕ್ಕಕ್ಕೆ ಸಂಬಾಲ್, ಅಂದರೆ ಮೆಣಸಿನಕಾಯಿ ಚಟ್ನಿ ಕೇಳಿ. ಅದರಲ್ಲೂ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ಬಟ್ಟಲು ಅತ್ತೆಯಿಂದ ದೂರ ಇಟ್ಟುಕೊಳ್ಳಿ.