ಗೋಡೆಯ ಮೇಲಿನ ಮೊಹರು ಯಾವುದರದು?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯ ಬದಿಯ ಒಂದು ಬಡಾವಣೆ. ಎರಡು ಅಂತಸ್ತಿನ ಮನೆಯನ್ನು ಬಾಡಿಗೆಗೆ ಹಿಡಿದು ವ್ಯಸನಮುಕ್ತಿ ಕೇಂದ್ರ ಮಾಡಿದ್ದರು. ಸಿರುಗುಪ್ಪದ ಪರಿಚಿತರೊಬ್ಬರು ತಮ್ಮನನ್ನು ಅಲ್ಲಿ ಸೇರಿಸಿ ಹನ್ನೆರಡು ದಿನವಾಗಿತ್ತು. ಜೊತೆಗೆ ಬನ್ನಿ ಎಂದು ಕರೆದರು, ಹೋದೆ. ಒಳಗೆ ಬಿಡುವ ಮೊದಲು ಮುಂದಿನ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿದರು. ಓದಲು ಪತ್ರಿಕೆ ಇರಲಿಲ್ಲ, ಗೋಡೆಯನ್ನೇ ಓದಿದೆ. ಗಾಜು ಹಾಕಿಸಿದ ನಾಲ್ಕು ಚೌಕಟ್ಟುಗಳು. ಮೊದಲನೆಯದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಪಡೆದ ಪತ್ರ. ಎರಡನೆಯದು ಚಿನ್ನದ ಬಣ್ಣದ ಮುದ್ರೆಯಿದ್ದ ಐಎಸ್‌ಒ ಪ್ರಮಾಣಪತ್ರ. ಮೂರನೆಯದು ಯಾವುದೋ ಕಾರ್ಯಾಗಾರದಲ್ಲಿ ಪಾಲ್ಗೊಂಡದ್ದಕ್ಕೆ ಕೊಟ್ಟದ್ದು. ನಾಲ್ಕನೆಯದರಲ್ಲಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಹೆಸರಿತ್ತು. ಪಕ್ಕದಲ್ಲೇ ದೇವರ ಪಟ. ಊದುಬತ್ತಿಯ ಹೊಗೆ ಹಿಡಿದು ನಾಲ್ಕನೆಯ ಚೌಕಟ್ಟಿನ ಗಾಜಿನ ಕೆಳಭಾಗ ಮಸಕಾಗಿತ್ತು.

‘ಸರ್ಕಾರದ ಮಾನ್ಯತೆ ಇದೆಯಣ್ಣಾ, ನೋಡಿ, ಎಲ್ಲದಕ್ಕೂ ಮೊಹರು ಬಿದ್ದಿದೆ’ ಎಂದರು ಅವರು. ದನಿಯಲ್ಲಿ ಸಮಾಧಾನವಿತ್ತು. ಮೂರು ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿದವರಿಗೆ ಆ ಸಮಾಧಾನ ಬೇಕಾಗಿಯೂ ಇತ್ತು.

ಆ ನಾಲ್ಕು ಪತ್ರಗಳಲ್ಲಿ ಮೊದಲ ಮೂರಕ್ಕೂ ಒಳಗಿನ ಹಾಸಿಗೆಗಳಿಗೂ ಸಂಬಂಧವಿಲ್ಲ. ಸಂಘದ ನೋಂದಣಿ ಊರಿನ ಯುವಕ ಮಂಡಳಿಗೂ ಸಿಗುತ್ತದೆ. ಐಎಸ್‌ಒ ಪತ್ರ ಕೊಡುವ ಸಂಸ್ಥೆಗಳು ಕಚೇರಿಯ ಕಡತ, ಕ್ರಮಗಳನ್ನು ನೋಡುತ್ತವೆ, ರೋಗಿಯ ನಾಡಿಯನ್ನು ಹಿಡಿಯುವುದಿಲ್ಲ. ಆದರೂ ಪರಿಚಿತರನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ. ಕುಡುಕನನ್ನು ಒಂದು ಇಲಾಖೆ ಆದಾಯದ ಮೂಲವೆಂದಿತು, ಇನ್ನೊಂದು ಅಪರಾಧಿ ಎಂದಿತು, ಮತ್ತೊಂದು ದಾರಿ ತಪ್ಪಿದವನೆಂದಿತು. ರೋಗಿ ಎಂದು ಕರೆದದ್ದು ಎಲ್ಲಕ್ಕಿಂತ ಕೊನೆಗೆ. ಹೀಗಿರುವಾಗ ಯಾವ ಮೊಹರು ಯಾವುದಕ್ಕೆ ಎಂದು ಸಿರುಗುಪ್ಪದ ರೈತರೊಬ್ಬರು ಬಿಡಿಸಿ ಹೇಳಬೇಕೆಂದರೆ ಹೇಗೆ?

ನಮ್ಮ ಸೀಮೆಯಲ್ಲಿ ಈ ಗೊಂದಲಕ್ಕೆ ಹಳೆಯ ಬೇರಿದೆ. ತುಂಗಭದ್ರೆಯ ಈಚೆ ದಡದ ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿತ್ತು. ಆಚೆ ದಡದ ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿಗೆ ಸೇರಿದ್ದವು. ಮದರಾಸಿನ ಪಾನನಿರೋಧ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರುವಾಗಿ 1948ರ ಹೊತ್ತಿಗೆ ಇಡೀ ಪ್ರಾಂತವನ್ನು ಆವರಿಸಿತು. ನಿಜಾಮರ ಸೀಮೆಯಲ್ಲಿ ಅಬಕಾರಿಯೇ ಬೊಕ್ಕಸದ ದೊಡ್ಡ ಆಧಾರ. ಸೇಂದಿ ಇಳಿಸುವ ಮರಕ್ಕೆ ಇಷ್ಟೆಂದು ತೆರಿಗೆ. ಈ ದಡದಲ್ಲಿ ಕುಡಿದವನನ್ನು ಪೊಲೀಸರು ಹುಡುಕುತ್ತಿದ್ದರು, ಆ ದಡದಲ್ಲಿ ಕುಡಿದವನಿಂದ ಖಜಾನೆ ತುಂಬುತ್ತಿತ್ತು. ಅವನಿಗೆ ವೈದ್ಯರು ಬೇಕು ಎಂಬ ಮಾತು ಎರಡೂ ದಡದಲ್ಲಿ ಇರಲಿಲ್ಲ.

ರಾಜ್ಯ ಒಂದಾದ ಮೇಲೂ ಕುಡಿತದ ವಿಚಾರ ಹೆಚ್ಚಾಗಿ ಅಬಕಾರಿ ಇಲಾಖೆಯ ಕಡತದಲ್ಲೇ ಉಳಿಯಿತು. 2004ರಲ್ಲಿ ಕರಾವಳಿಯನ್ನು ಬಿಟ್ಟು ಉಳಿದೆಡೆ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಚಟ ಮಾತ್ರ ಸರ್ಕಾರಿ ಆದೇಶ ಓದಿಕೊಂಡು ಬಿಟ್ಟುಹೋಗುವಂಥದ್ದಲ್ಲ. ಗಡಿಯ ರಾಯಚೂರಿನಲ್ಲಿ ‘ಸಿಎಚ್ ಪೌಡರ್’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಕ್ಲೋರಲ್ ಹೈಡ್ರೇಟ್, ಹತ್ತೊಂಬತ್ತನೆಯ ಶತಮಾನದ ನಿದ್ರೆಯ ಔಷಧ. ನೀರಿಗೆ ಬೆರೆಸಿ ಸೇಂದಿ ಎಂದು ಮಾರಿದರೆ ಮತ್ತು ಬರುತ್ತದೆ, ಈಚಲ ಮರವೇ ಬೇಕಾಗುವುದಿಲ್ಲ. ವರ್ಷಗಟ್ಟಲೆ ಅದನ್ನು ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಮಾತು ತೊದಲುತ್ತದೆ, ಫಿಟ್ಸ್ ಬರುತ್ತದೆ. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ಬಿಗಿ ಮಾಡಿದಾಗ ನಿಜಾಮಾಬಾದ್, ಮಹಬೂಬ್‌ನಗರದ ಕಡೆಯ ಆಸ್ಪತ್ರೆಗಳಿಗೆ ಜನ ಇದೇ ಸ್ಥಿತಿಯಲ್ಲಿ ಬಂದು ಬಿದ್ದಿದ್ದರು. ಅಂಗಡಿ ಮುಚ್ಚಿಸಿದವರು ಹಾಸಿಗೆಯ ಲೆಕ್ಕ ಹಾಕಿರಲಿಲ್ಲ.

ಹಾಸಿಗೆಯ ಲೆಕ್ಕ ಶುರುವಾದದ್ದು 1985ರಲ್ಲಿ. ಆ ವರ್ಷ ಬಂದ, ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯನ್ನು ನಾವು ಬಂಧನ, ಜಪ್ತಿಗಳ ಸುದ್ದಿಯಲ್ಲಷ್ಟೇ ಕೇಳುತ್ತೇವೆ. ಅದರ 71ನೇ ಕಲಮು ವ್ಯಸನಿಗಳ ಗುರುತಿಸುವಿಕೆ, ಚಿಕಿತ್ಸೆ, ಪುನರ್ವಸತಿಗೆ ಸರ್ಕಾರ ಕೇಂದ್ರಗಳನ್ನು ತೆರೆಯಬಹುದು ಎಂದಿತು. ‘ತೆರೆಯಬಹುದು’, ಅಷ್ಟೇ. ಖಾಸಗಿಯವರು ತೆರೆದದ್ದಕ್ಕೆ ಮಾನ್ಯತೆ, ಒಪ್ಪಿಗೆ ಕೊಡುವ ಮಾತು ಆ ಕಲಮಿಗೆ ಸೇರಿದ್ದು 2014ರ ತಿದ್ದುಪಡಿಯಲ್ಲಿ. ನಡುವೆ ಹೆಚ್ಚುಕಡಿಮೆ ಮೂವತ್ತು ವರ್ಷ.

ಆ ಮೂವತ್ತು ವರ್ಷ ಕೇಂದ್ರಗಳು ಹುಟ್ಟದೆ ಕೂತಿರಲಿಲ್ಲ. 1985–86ರಿಂದ ಕೇಂದ್ರದ ಸಮಾಜ ಕಲ್ಯಾಣ ಖಾತೆ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡತೊಡಗಿತು. 15 ಹಾಸಿಗೆ, 30 ಹಾಸಿಗೆ ಎಂಬ ಲೆಕ್ಕದ ಪುನರ್ವಸತಿ ಕೇಂದ್ರಗಳು ಆ ಯೋಜನೆಯ ಕೂಸುಗಳು. ಅನುದಾನ ಪಡೆದ ಕೇಂದ್ರದಲ್ಲಿ ಇಷ್ಟು ಆಪ್ತಸಮಾಲೋಚಕರು, ಇಷ್ಟು ದಾದಿಯರು, ಅರೆಕಾಲಿಕ ವೈದ್ಯರೊಬ್ಬರು ಇರಬೇಕೆಂಬ ನಿಯಮವಿತ್ತು. ಅನುದಾನ ಬೇಡ ಎಂದವರಿಗೆ ಆ ನಿಯಮದ ಹಂಗಿಲ್ಲ. ಹೀಗಾಗಿ ಹಣದ ಮಂಜೂರಾತಿಯೇ ಜನರ ಬಾಯಲ್ಲಿ ‘ಸರ್ಕಾರಿ ಮಾನ್ಯತೆ’ ಆಯಿತು.

ಇಲ್ಲಿ ಬಳ್ಳಾರಿಯ ಮಟ್ಟಿಗೆ ಒಂದು ಬೇಸರದ ಸಂಗತಿಯಿದೆ. ಅದೇ 1985ರಿಂದ 1990ರವರೆಗೆ ನಿಮ್ಹಾನ್ಸ್ ತನ್ನ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗವನ್ನು ನಡೆಸಿದ್ದು ಇದೇ ಜಿಲ್ಲೆಯಲ್ಲಿ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳೆಲ್ಲ ಆಗ ಬಳ್ಳಾರಿಗೇ ಸೇರಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮಾತ್ರೆಗಳನ್ನು ಹಳ್ಳಿಯವರೆಗೆ ತಲುಪಿಸಿ, ಮನೋರೋಗಿಯನ್ನು ಬೆಂಗಳೂರಿಗೆ ಹೊತ್ತೊಯ್ಯಬೇಕಾಗಿಲ್ಲ ಎಂದು ತೋರಿಸಿದರು. ದೇಶದ ಪಠ್ಯಗಳಲ್ಲಿ ‘ಬಳ್ಳಾರಿ ಮಾದರಿ’ ಎಂಬ ಹೆಸರು ಉಳಿದದ್ದು ಹಾಗೆ. 1996ರಲ್ಲಿ ರಾಷ್ಟ್ರೀಯ ಯೋಜನೆಯಾದಾಗ ಅದಕ್ಕೆ ಅಡಿಪಾಯ ಇದೇ. ಆದರೆ ಆ ಪ್ರಯೋಗದ ಗಮನ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. ಆರೋಗ್ಯ ಇಲಾಖೆ ಒಂದು ದಾರಿಯಲ್ಲಿ, ಕಲ್ಯಾಣ ಇಲಾಖೆಯ ಅನುದಾನ ಇನ್ನೊಂದು ದಾರಿಯಲ್ಲಿ, ಎನ್‌ಡಿಪಿಎಸ್ ಪೊಲೀಸರ ಜೀಪಿನಲ್ಲಿ. ಒಂದೇ ವರ್ಷ ಹೊರಟ ಮೂರೂ ದಾರಿಗಳು ಮುಂದೆ ಎಲ್ಲೂ ಸರಿಯಾಗಿ ಕೂಡಲಿಲ್ಲ. ಈ ಲೇಖನದ ಗೊಂದಲವೆಲ್ಲ ಇಲ್ಲಿಂದಲೇ ಹರಿದು ಬಂದದ್ದು ಎಂದು ನನ್ನ ಎಣಿಕೆ.

1987ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗದ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಮದ್ಯ, ಮಾದಕ ವ್ಯಸನಿಗಳಿಗೆ ಪ್ರತ್ಯೇಕ ಆಸ್ಪತ್ರೆ ಇರಬಹುದು ಎಂದೂ ಹೇಳಿತು. ‘ನಮ್ಮದು ಆಸ್ಪತ್ರೆಯಲ್ಲ, ಆಶ್ರಮ’ ಎಂದು ಬೋರ್ಡು ಬರೆಸಿದವರು ಅದರಿಂದ ನುಣುಚಿಕೊಂಡರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಅಂಥ ಆಶ್ರಯಧಾಮವೊಂದಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಪರವಾನಗಿ ಎಂಬುದು ಜೀವದ ಪ್ರಶ್ನೆ ಎಂದು ದೇಶ ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಆಗ. ಮಾದಕ ವ್ಯಸನದ ಬಿಸಿ ಹೆಚ್ಚು ತಟ್ಟಿದ್ದ ಪಂಜಾಬ್ 2011ರಲ್ಲಿ ವ್ಯಸನ ಚಿಕಿತ್ಸೆ ಮತ್ತು ಪುನರ್ವಸತಿ ಕೇಂದ್ರಗಳಿಗೆಂದೇ ಬೇರೆ ನಿಯಮಾವಳಿ ಮಾಡಿಕೊಂಡಿತು.

ಈಗ ನಮ್ಮಲ್ಲಿ ಲೆಕ್ಕಕ್ಕೆ ಬರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜಾರಿಗೆ ಬಂದದ್ದು 2018ರಲ್ಲಿ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಅಂಟಿಕೊಂಡ ಮಾನಸಿಕ ಸ್ಥಿತಿಯನ್ನು ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ತಂದಿತು. ಅಂಥವರನ್ನು ಆರೈಕೆಗೋ ಪುನರ್ವಸತಿಗೋ ಇರಿಸಿಕೊಳ್ಳುವ ಯಾವುದೇ ಜಾಗ, ಹೆಸರು ಏನೇ ಇರಲಿ, ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಕೊಡುವ ಕೆಪಿಎಂಇ ನೋಂದಣಿ ಇದ್ದರೂ ಇದು ಬೇರೆಯೇ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಮತ್ತೆ ಮತ್ತೆ ನಡೆಸಿದರೆ 5 ಲಕ್ಷದವರೆಗೆ. ಒಬ್ಬ ರೋಗಿಯ ಮುಂಗಡದಲ್ಲಿ ತೀರಿಸಿಬಿಡಬಹುದಾದ ಮೊದಲ ದಂಡಕ್ಕೆ ಎಷ್ಟು ಜನ ಹೆದರುತ್ತಾರೋ!

ಈ ಕಾಯ್ದೆಯ ನಿಜವಾದ ಬಲ ಇರುವುದು ದಂಡದಲ್ಲಲ್ಲ, ರೋಗಿಗೆ ಕೊಟ್ಟ ಹಕ್ಕುಗಳಲ್ಲಿ. ಸರಪಳಿ ಹಾಕುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ದುಡಿಸಿಕೊಳ್ಳುವಂತಿಲ್ಲ. ತಾನಾಗಿ ಬಂದು ಸೇರಿದವನು ಹೋಗುತ್ತೇನೆ ಎಂದರೆ ಬಿಡಬೇಕು. ಪರೀಕ್ಷಿಸಿ ನೋಡಲು ತಡೆದರೂ 24 ಗಂಟೆ ಮೀರುವಂತಿಲ್ಲ. ಅವನ ಒಪ್ಪಿಗೆಯಿಲ್ಲದೆ ಸೇರಿಸಬೇಕಾದರೆ ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು. ಮೊದಲಿಗೆ ಅದರ ಅವಧಿ 30 ದಿನ. ರಾತ್ರಿ ಹತ್ತು ಗಂಟೆಗೆ ವ್ಯಾನಿನಲ್ಲಿ ನಾಲ್ಕು ಜನ ಬಂದು ಮಲಗಿದ್ದವನನ್ನು ಎತ್ತಿಕೊಂಡು ಹೋಗುವ ‘ಪಿಕಪ್’ ಸೇವೆಗೆ ಈ ಕಾಯ್ದೆಯಲ್ಲಿ ಎಲ್ಲೂ ಜಾಗವಿಲ್ಲ. ಮೂರು ತಿಂಗಳ ಪ್ಯಾಕೇಜ್ ಎಂಬ ಮಾತಿಗೂ ಇಲ್ಲ.

ಆದರೆ ನೋಂದಣಿಯ ವಿಧಾನದಲ್ಲೇ ಒಂದು ಸಡಿಲು ಎಳೆ ಇದೆ. ಅರ್ಜಿ ಹಾಕಿದ ಹತ್ತು ದಿನದೊಳಗೆ ತಾತ್ಕಾಲಿಕ ನೋಂದಣಿ ಕೊಡಬೇಕು, ಕೊಡುವ ಮೊದಲು ಯಾವ ವಿಚಾರಣೆಯನ್ನೂ ನಡೆಸಬೇಕಾಗಿಲ್ಲ. ಅದು ಬಾಳುವುದು ಹನ್ನೆರಡು ತಿಂಗಳು. ಅಂದರೆ ಮೊದಲ ವರ್ಷದ ಆ ಮೊಹರು, ಅರ್ಜಿ ತಲುಪಿತು ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ.

ಕಟ್ಟಡದ ಕತೆ ಇಷ್ಟಾದರೆ, ಒಳಗೆ ಕೂತು ಮಾತಾಡಿಸುವವರ ಕತೆ ಇನ್ನೂ ತೆಳು. ಮನೋವೈದ್ಯರಿಗೆ ವೈದ್ಯಕೀಯ ಪರಿಷತ್ತು ಇದೆ. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಕೇಂದ್ರಗಳಲ್ಲಿ ದಿನವಿಡೀ ರೋಗಿಯ ಎದುರಿಗಿರುವ ಆಪ್ತಸಮಾಲೋಚಕರು ಮಾತ್ರ ಬಹುಕಾಲ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ಬಗೆಯ ವೃತ್ತಿಗಳನ್ನು ಒಂದು ಆಯೋಗದ ಕೆಳಗೆ ತರುವ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಕಾಯ್ದೆ ಬಂದದ್ದು 2021ರಲ್ಲಿ. ಅದಕ್ಕೂ ಮೊದಲು ತರಬೇತಿಯ ಭಾರ ಹೊತ್ತವು ಕೆಲವೇ ಸಂಸ್ಥೆಗಳು: 1980ರಲ್ಲಿ ಶಾಂತಿ ರಂಗನಾಥನ್ ಚೆನ್ನೈಯಲ್ಲಿ ಕಟ್ಟಿದ ಟಿಟಿಕೆ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್, ಇಂಥವು.

ಚಟ ಬಿಟ್ಟು ಬಂದವರೇ ಸಮಾಲೋಚಕರಾಗುವುದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾನು ಆ ಪೈಕಿ ಅಲ್ಲ. ನಾಲ್ಕು ಸಲ ಬಿಟ್ಟು ಐದನೆಯ ಸಲ ಗೆದ್ದವನ ಮಾತು ಪದವಿ ಪತ್ರಕ್ಕಿಂತ ಆಳಕ್ಕೆ ಇಳಿಯುವುದನ್ನು ಕಂಡಿದ್ದೇನೆ. ಆದರೆ ಆ ಮಾತಿಗೊಂದು ಹೊತ್ತಿದೆ. ಹಳೆಯ ಕುಡುಕ ಒಮ್ಮೆಗೇ ನಿಲ್ಲಿಸಿದರೆ ಎರಡನೆಯ, ಮೂರನೆಯ ದಿನ ಕಣ್ಣಿಗೆ ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ, ಮೈ ಕಾಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ರಾತ್ರಿ ಬೇಕಾದದ್ದು ಸರಿಯಾದ ಮಾತ್ರೆ, ಥಯಾಮಿನ್ ಚುಚ್ಚುಮದ್ದು, ರಕ್ತದೊತ್ತಡ ನೋಡುವ ದಾದಿ. ‘ಎರಡು ದಿನ ಒದ್ದಾಡಲಿ, ಸರಿಹೋಗುತ್ತಾನೆ’ ಎಂದು ಬಾಗಿಲು ಹಾಕಿಕೊಂಡಲ್ಲಿ ಜೀವ ಹೋಗುತ್ತದೆ. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಎಂದು ಬಸ್ ನಿಲ್ದಾಣದ ಗೋಡೆಗೆ ಚೀಟಿ ಅಂಟಿಸುವ ಪುಡಿಗಳದ್ದೂ ಇದೇ ಅಪಾಯ.

ಜನ ಇಂಥಲ್ಲಿಗೇಕೆ ಹೋಗುತ್ತಾರೆ ಎಂದರೆ, ಹೋಗಲು ಬೇರೆ ಕಡೆ ಕಡಿಮೆ. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅದೇ ವರ್ಷ ಜನವರಿಯಲ್ಲಿ ರಾಯಚೂರು ಸೀಮೆಯ ಹೆಂಗಸರೂ ಸೇರಿ ಸಾವಿರಾರು ಮಹಿಳೆಯರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಅಂಗಡಿ ಮುಚ್ಚಿಸಿ ಎಂಬ ಅವರ ಕೂಗು ಸುದ್ದಿಯಾಯಿತು. ಮುಚ್ಚಿದ ಮರುದಿನ ಗಂಡನನ್ನು ಎಲ್ಲಿ ಮಲಗಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಆ ದಿನ ಮುಂದಿನ ಕೋಣೆಯಲ್ಲಿ ಪರಿಚಿತರು ಹೆಗಲ ಮೇಲಿನ ಟವೆಲಿನಿಂದ ನಾಲ್ಕನೆಯ ಚೌಕಟ್ಟಿನ ಗಾಜು ಒರೆಸಿದರು. ‘ತಾತ್ಕಾಲಿಕ’ ಎಂಬ ಪದ ಕಂಡಿತು. ಅದರ ಕೆಳಗಿನ ದಿನಾಂಕ ಮುಗಿದು ಏಳು ತಿಂಗಳಾಗಿತ್ತು. ಇಂಥ ಕೇಂದ್ರದ ಗೋಡೆಯಲ್ಲಿ ರೋಗಿಗಳ ದೂರು ಕೇಳುವ ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿಯ ವಿಳಾಸ, ಫೋನ್ ನಂಬರು ಎದ್ದು ಕಾಣುವಂತೆ ಹಾಕಿರಬೇಕು ಎಂದು ಕಾಯ್ದೆಯಲ್ಲಿದೆ, ಹುಡುಕಿದೆ, ಇರಲಿಲ್ಲ. ವ್ಯವಸ್ಥಾಪಕರು ಬಂದಾಗ ಪರಿಚಿತರು ಕಾಗದದ ಸುದ್ದಿ ಎತ್ತಲಿಲ್ಲ. ‘ರಾತ್ರಿ ಡಾಕ್ಟರು ಯಾರಿರುತ್ತಾರೆ?’ ಎಂದಷ್ಟೇ ಕೇಳಿದರು.

‘ಫೋನ್ ಮಾಡಿದರೆ ಬರುತ್ತಾರೆ.’

‘ಯಾವ ಊರಿಂದ?’

ಅದಕ್ಕೆ ಉತ್ತರ ಬರಲಿಲ್ಲ. ಮುಂಗಡದ ಹಣದಲ್ಲಿ ಅರ್ಧ ವಾಪಸು ಬಂತು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ‘ಮನೋಚೈತನ್ಯ’ ಎಂಬ ವ್ಯವಸ್ಥೆ ಇದೆ. ಅಲ್ಲಿಗೆ ಹೋಗಲಾಗದವರು ವ್ಯಸನದ ಸಹಾಯವಾಣಿ 14446ಕ್ಕೋ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ಕರೆ ಮಾಡಬಹುದು. ಮುಂದಿನ ಮಂಗಳವಾರ ಸಿರುಗುಪ್ಪದ ಆಸ್ಪತ್ರೆಯ ಸಾಲಿನಲ್ಲಿ ಅಣ್ಣತಮ್ಮ ಇಬ್ಬರೂ ನಿಂತಿದ್ದರು. ತಮ್ಮನ ಕೈಯಲ್ಲಿ ಹೊರರೋಗಿ ಚೀಟಿ ಇತ್ತು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು.